ಮುಟ್ಟು, ಬಸಿರು, ಆಪರೇಷನ್: ಇದನ್ನೆಲ್ಲ ನಾಟಕದಲ್ಲಿ ಹೇಳುವುದು ಹೇಗೆ? ಸಲಹೆ ಬೇಕು

ರಂಗದಂಗಳ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನ ಒಂದು ಸಣ್ಣ ನಾಟಕ ತಂಡ. ಐವರು ಹೆಂಗಸರು, ಇಬ್ಬರು ಗಂಡಸರು. ಎಲ್ಲರಿಗೂ ಬೇರೆ ಬೇರೆ ಕೆಲಸ ಉಂಟು, ಭಾನುವಾರ ಮಾತ್ರ ನಾಟಕ. ಹೆಂಗಸರ ಆರೋಗ್ಯದ ಬಗ್ಗೆ ಅರ್ಧ ಗಂಟೆಯ ಬೀದಿ ನಾಟಕ ಕಟ್ಟಿದ್ದೇವೆ. ಮುಟ್ಟು, ರಕ್ತಹೀನತೆ, ಹೆರಿಗೆ, ಮಕ್ಕಳ ನಡುವಿನ ಅಂತರ, ಎಲ್ಲವನ್ನೂ ಅದರಲ್ಲಿ ತುರುಕಿದ್ದೇವೆ. ಇದುವರೆಗೆ ನಾಲ್ಕು ಕಡೆ ಆಡಿದೆವು.

ಕಳೆದ ವಾರ ಬಜ್ಪೆ ಹತ್ತಿರದ ಒಂದು ಹಳ್ಳಿಯಲ್ಲಿ, ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಅಂಗನವಾಡಿಯ ಅಂಗಳದಲ್ಲಿ ಆಡಿದೆವು. ಸುಮಾರು ನಲವತ್ತು ಹೆಂಗಸರಿದ್ದರು. ಅರ್ಧಕ್ಕಿಂತ ಜಾಸ್ತಿ ಜನ ಬೀಡಿ ಕಟ್ಟುವವರು. ಮರುದಿನ ಬೀಡಿ ಡಿಪೋಗೆ ಕೊಡಬೇಕಲ್ವಾ, ಹಾಗಾಗಿ ತಡ್ಪೆಯನ್ನು (ಬೀಡಿ ಕಟ್ಟುವ ಮೊರವನ್ನು) ಮಡಿಲಲ್ಲಿ ಇಟ್ಟುಕೊಂಡೇ ಕೂತರು.

ಡಾಕ್ಟರ್ ಪಾತ್ರ ನನ್ನದು. ಕಬ್ಬಿಣದ ಮಾತ್ರೆಯ ಬಗ್ಗೆ ಐದು ನಿಮಿಷ ಮಾತಾಡಿದೆ. ಒಬ್ಬರೂ ತಲೆ ಎತ್ತಲಿಲ್ಲ. ಎಲೆ ಸುರುಳಿ ಮಾಡುವುದು, ನೂಲು ಸುತ್ತುವುದು, ಅದರ ಪಾಡಿಗೆ ಅದು ನಡೆಯುತ್ತಲೇ ಇತ್ತು. ಆಮೇಲೆ ಒಂದು ಚಿಕ್ಕ ದೃಶ್ಯ. ಬರೆಯುವಾಗ ನಮಗೂ ಅದು ದೊಡ್ಡದು ಅಂತ ಅನಿಸಿರಲಿಲ್ಲ. ಮನೆಯಲ್ಲಿ ಎರಡನೇ ಹೆರಿಗೆ ಆಗಿದೆ, ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಆಗಬೇಕು. "ಆಪರೇಷನ್ ಯಾರು ಮಾಡಿಸಿಕೊಳ್ಳುವುದು?" ಎಂದು ಅತ್ತೆ ಕೇಳುತ್ತಾಳೆ. ಗಂಡ ಮೊಬೈಲಿನಿಂದ ಕಣ್ಣು ತೆಗೆಯದೆ, "ಅವಳೇ, ಮತ್ತೆ ಯಾರು?" ಅನ್ನುತ್ತಾನೆ. ಅಷ್ಟೇ. ಅಲ್ಲಿ ಕೈಗಳು ನಿಂತವು. ಒಂದೆರಡು ಅಲ್ಲ, ಅಂಗಳದಲ್ಲಿದ್ದ ಅಷ್ಟೂ ಕೈ.

ನಾಟಕ ಮುಗಿದು ನಳ್ಳಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಮೂವತ್ತರ ಆಸುಪಾಸಿನ ಒಬ್ಬರು ಕೊಡ ಹಿಡಿದು ಬಂದರು. ತುಳುವಿನಲ್ಲಿ, ಬಹಳ ಮೆಲ್ಲಗೆ, "ಗಂಡನ ಸಹಿ ಇಲ್ಲದೆ ಆಗ್ತದಾ?" ಎಂದು ಕೇಳಿದರು. ಯಾವುದು ಅಂತ ನಾನು ಕೇಳುವ ಮೊದಲೇ ಹಿಂದಿನಿಂದ ಯಾರೋ ಬಂದರು. ಅವರು ಕೊಡ ತುಂಬಿಸಿಕೊಂಡು ಹೋಗಿಬಿಟ್ಟರು. ಆಪರೇಷನ್ನಾ? ಗರ್ಭಪಾತವಾ? ಗರ್ಭ ತಡೆಯಲು ಒಳಗೆ ಹಾಕುವ ಕಾಪರ್-ಟಿಯಾ? ಮೂರಕ್ಕೂ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ವಾರದಿಂದ ಅದೇ ಕೊರೆಯುತ್ತಿದೆ.

ಹಾಗಾಗಿ ಎರಡು ಪ್ರಶ್ನೆ. ಕಾನೂನು ಏನು ಹೇಳುತ್ತದೆ? ಮತ್ತು ನಾಟಕವನ್ನು ಹೇಗೆ ಬದಲಾಯಿಸಬೇಕು? ಮುಂದಿನ ಪ್ರದರ್ಶನ ಕೊಡಿಸುವವರು "ಗರ್ಭಪಾತ ಅನ್ನುವ ಶಬ್ದ ಬೇಡ" ಎಂದು ಈಗಲೇ ಹೇಳಿದ್ದಾರೆ.

ಕಾಪುವಿನವಳು

ಮೊದಲು ಡಾಕ್ಟರ್ ಪಾತ್ರ ತೆಗೆಯಿರಿ. ಬಿಳಿ ಕೋಟು ಹಾಕಿದವರು ಬಂದು ಉಪದೇಶ ಮಾಡುವುದನ್ನು ನಮ್ಮ ಹೆಂಗಸರು ಆಸ್ಪತ್ರೆಯಲ್ಲೇ ಬೇಕಾದಷ್ಟು ಕೇಳಿದ್ದಾರೆ.

ವಕೀಲೆ ಉಡುಪಿ

ಮೂರಕ್ಕೂ ಉತ್ತರ ಒಂದೇ. ಗಂಡನ ಸಹಿ ಬೇಡ.

ಗರ್ಭಪಾತದ ಕಾನೂನು ಬಂದದ್ದು 1971ರಲ್ಲಿ. 2021ರಲ್ಲಿ ತಿದ್ದುಪಡಿ ಆಯಿತು. 18 ವರ್ಷ ತುಂಬಿದ ಹೆಣ್ಣಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡ, ಅತ್ತೆ, ಅಪ್ಪ, ಯಾರ ಸಹಿಯೂ ಕಾನೂನಿನಲ್ಲಿ ಇಲ್ಲ. 18ರ ಒಳಗಿನವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರ್ ಬೇಕು, ಅದೂ ಕೆಲವು ಸಂದರ್ಭಗಳಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಹೀಗೆ. 24 ದಾಟಿದರೆ, ಮಗುವಿನಲ್ಲಿ ಗಂಭೀರ ತೊಂದರೆ ಇದ್ದಾಗ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ.

ಒಂದು ಮಾತು ಮಾತ್ರ ನಾಟಕದಲ್ಲಿ ತಪ್ಪಿ ಹೋಗಬಾರದು. "ಕೇಳಿದರೆ ಸಾಕು, ಮಾಡಲೇಬೇಕು" ಎಂದು ಕಾನೂನು ಹೇಳುವುದಿಲ್ಲ. ಕಾನೂನು ಹೇಳಿದ ಕಾರಣಗಳಲ್ಲಿ ಒಂದು ಇದೆ ಎಂದು ಡಾಕ್ಟರ್‌ಗೆ ಅನಿಸಬೇಕು. ಆದರೆ ಆ ಕಾರಣಗಳು ಜನ ಅಂದುಕೊಂಡದ್ದಕ್ಕಿಂತ ವಿಶಾಲ ಇವೆ. ಅವಳ ಮನಸ್ಸಿನ ಆರೋಗ್ಯಕ್ಕೆ ಪೆಟ್ಟು ಬೀಳುತ್ತದೆ ಅನ್ನುವುದೂ ಒಂದು ಕಾರಣ. ಗರ್ಭ ತಡೆಯಲು ಬಳಸಿದ ವಿಧಾನ ಕೈಕೊಟ್ಟಿತು ಅನ್ನುವುದೂ ಒಂದು ಕಾರಣ.

ಆಪರೇಷನ್‌ಗೂ ಸರ್ಕಾರದ ನಿಯಮದಲ್ಲಿ ಸಂಗಾತಿಯ ಒಪ್ಪಿಗೆ ಕಡ್ಡಾಯ ಅಲ್ಲ. ಹೆಣ್ಣಾದರೆ 22ರಿಂದ 49 ವರ್ಷದೊಳಗೆ ಇರಬೇಕು, ಒಂದು ವರ್ಷ ದಾಟಿದ ಒಂದು ಮಗು ಇರಬೇಕು. ಕಾಪರ್-ಟಿಗೂ ಗಂಡನ ಸಹಿ ಬೇಡ.

ಮೂರು ಮಕ್ಕಳ ತಾಯಿ

ಕಾನೂನಿನಲ್ಲಿ ಬೇಡ, ಸರಿ. ಕೌಂಟರಿನಲ್ಲಿ ಬೇಕು! ನನ್ನ ತಂಗಿಗೆ ಒಂದು ಆಸ್ಪತ್ರೆಯಲ್ಲಿ "ಗಂಡನನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಆಗುವುದಿಲ್ಲ" ಎಂದು ನೇರವಾಗಿ ಹೇಳಿದರು. ಭಾವ ಇರುವುದು ದುಬೈಯಲ್ಲಿ. ವಾಟ್ಸಾಪ್‌ನಲ್ಲಿ ಚೀಟಿ ಬರೆಸಿ ತರಿಸಿಕೊಂಡಳು ಪಾಪ. ಅಷ್ಟರಲ್ಲಿ ಹತ್ತು ದಿನ ಹೋಯಿತು.

ವಕೀಲೆ ಉಡುಪಿ

ಇದೇ ನೋಡಿ. ಆಮೇಲೆ ತೊಂದರೆ ಬರಬಾರದು ಎಂಬ ಹೆದರಿಕೆಯಿಂದ ಕೇಳುತ್ತಾರೆ. ಆದರೆ ಗರ್ಭಪಾತದಲ್ಲಿ ಹತ್ತು ದಿನ ಅಂದರೆ ದೊಡ್ಡ ಅಂತರ. 19 ವಾರದಲ್ಲಿ ಹೋದವಳು 20 ದಾಟಿಬಿಡುತ್ತಾಳೆ.

ಹಳೆ ಬಂದರು

20 ವಾರದ ತನಕ ಇರುವುದು ಮದುವೆಯಾದವರಿಗೆ ಮಾತ್ರ ಅಲ್ವಾ? ನಾನು ಹಾಗೇ ಓದಿದ್ದು.

ವಕೀಲೆ ಉಡುಪಿ

ಅದು ಹಳೆಯದು. ಗರ್ಭ ತಡೆಯುವ ವಿಧಾನ ಕೈಕೊಟ್ಟ ಕಾರಣಕ್ಕೆ ಮೊದಲು "ಮದುವೆಯಾದ ಹೆಣ್ಣು ಅಥವಾ ಅವಳ ಗಂಡ" ಎಂದಿತ್ತು. 2021ರಲ್ಲಿ "ಯಾವುದೇ ಹೆಣ್ಣು ಅಥವಾ ಅವಳ ಸಂಗಾತಿ" ಎಂದಾಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 20ರಿಂದ 24 ವಾರದ ವಿಷಯದಲ್ಲೂ ಮದುವೆಯಾದವರು, ಆಗದವರು ಎಂದು ಭೇದ ಮಾಡುವಂತಿಲ್ಲ ಎಂದಿತು. ಅವಳ ಹೆಸರು, ವಿವರ ಬಹಿರಂಗ ಮಾಡಿದರೆ ಅದೂ ಅಪರಾಧ.

ಪ್ರಸೂತಿ ವಾರ್ಡ್

ನಾನು ನರ್ಸ್. ಇಪ್ಪತ್ತೊಂದು ವರ್ಷ ಆಯಿತು. ಒಂದು ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಗೋಡೆ ಗೋಡೆಗಳ ಮೇಲೆ "ಭ್ರೂಣಹತ್ಯೆ ಮಹಾಪಾಪ" ಎಂದು ಬರೆದಿರುತ್ತದೆ. ಬೀದಿ ನಾಟಕಗಳಲ್ಲೂ ಅದೇ ಮಾತು. ಉದ್ದೇಶ ಒಳ್ಳೆಯದೇ, ಹೆಣ್ಣು ಎಂದು ತಿಳಿದು ತೆಗೆಸುವುದನ್ನು ತಡೆಯಲು. ಅದಕ್ಕೆ 1994ರ ಕಾನೂನು ಬೇರೆಯೇ ಉಂಟು. ಮಗು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದೇ ಅಪರಾಧ. 2023ರಲ್ಲಿ ಮಂಡ್ಯ, ಮೈಸೂರು ಕಡೆ ಸಿಕ್ಕಿಬಿದ್ದ ಜಾಲ ನೆನಪಿದೆ ಅಲ್ವಾ, ಅದು ಈ ಕಾನೂನಿನ ಕೆಳಗೆ ಬರುವಂಥದ್ದು.

ಆದರೆ ಆ ಗೋಡೆ ಬರಹ ಓದಿದ ಹುಡುಗಿ ಏನು ತಿಳಿಯುತ್ತಾಳೆ? ಗರ್ಭಪಾತವೇ ಜೈಲಿಗೆ ಹೋಗುವ ಕೆಲಸ ಅಂತ. ಆಮೇಲೆ ಆಸ್ಪತ್ರೆಗೆ ಬರುವುದಿಲ್ಲ. ಯಾರೋ ಹೇಳಿದ ಮಾತ್ರೆಯನ್ನು ಮೆಡಿಕಲ್‌ನಿಂದ ಗುಟ್ಟಾಗಿ ತರಿಸಿ ನುಂಗುತ್ತಾಳೆ. ಎಷ್ಟು ವಾರ ಆಯಿತು ಅಂತ ಲೆಕ್ಕ ಇಲ್ಲ, ಗರ್ಭ ನಳಿಕೆಯಲ್ಲಿ ಕೂತಿದೆಯೋ ಅಂತ ನೋಡಿಲ್ಲ. ರಾತ್ರಿ ಎರಡು ಗಂಟೆಗೆ ರಿಕ್ಷಾದಲ್ಲಿ ಬರುತ್ತಾಳೆ, ಸೀಟು ಪೂರ್ತಿ ರಕ್ತ. ಇಂಥವರನ್ನು ನಾನು ಹಿಡಿದುಕೊಂಡು ಒಳಗೆ ತಂದಿದ್ದೇನೆ. ದಯವಿಟ್ಟು ನಿಮ್ಮ ನಾಟಕದಲ್ಲಿ ಈ ಎರಡು ಕಾನೂನುಗಳನ್ನು ಬೇರೆ ಮಾಡಿ ತೋರಿಸಿ. ಶಬ್ದ ಬೇಡ ಎಂದವರಿಗೂ ಇದನ್ನೇ ಹೇಳಿ.

ರಂಗದಂಗಳ

ನಮ್ಮ ಸ್ಕ್ರಿಪ್ಟ್‌ನಲ್ಲೂ "ಭ್ರೂಣಹತ್ಯೆ" ಉಂಟು. ಎರಡು ಕಡೆ. ಇವತ್ತೇ ತೆಗೆಯುತ್ತೇನೆ.

ಪಡುಬಿದ್ರಿ ಅಲೆ

ಒಂದು ಮಾತು, ಬೇಸರ ಬೇಡ. ನಾನು ಯುವಕ ಮಂಡಲದಲ್ಲಿದ್ದೇನೆ, ವಾರ್ಷಿಕೋತ್ಸವಕ್ಕೆ ನಾಟಕ ತರಿಸುವವನೂ ನಾನೇ. ಮಕ್ಕಳು, ಹಿರಿಯರು ಎಲ್ಲ ಕೂತ ಕಡೆ ಮುಟ್ಟು, ಗರ್ಭಪಾತ ಅಂತೆಲ್ಲ ಮೈಕಿನಲ್ಲಿ ಹೇಳಿದರೆ ಜನ ಎದ್ದು ಹೋಗುತ್ತಾರೆ. ವಿಷಯ ತಪ್ಪು ಅನ್ನುತ್ತಿಲ್ಲ. ಜಾಗ ನೋಡಬೇಕು. ಹೆಂಗಸರಿಗೆ ಬೇರೆಯೇ ಆಡಿ, ಯಾರಿಗೂ ತೊಂದರೆ ಇಲ್ಲ.

ತಾಳಮದ್ದಳೆ ಕೂಟ

ಸ್ವಾಮಿ, ದ್ರೌಪದಿಯ ವಸ್ತ್ರಾಪಹರಣ ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅವಳನ್ನು ಸಭೆಗೆ ಎಳೆದು ತರುವಾಗ ಅವಳು ಏನೆಂದು ಹೇಳುತ್ತಾಳೆ? ನಾನು ರಜಸ್ವಲೆ, ಏಕವಸ್ತ್ರೆ ಎಂದು. ಮುಟ್ಟಾಗಿದ್ದೇನೆ, ಮೈಮೇಲೆ ಒಂದೇ ಸೀರೆ ಇದೆ ಎಂದು. ಆ ಮಾತನ್ನು ಹಿಡಿದು ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗಳು ಅರ್ಧ ಗಂಟೆ ಮಾತಾಡುತ್ತಾರೆ. ದೇವಸ್ಥಾನದ ಅಂಗಳದಲ್ಲೇ, ಮಕ್ಕಳ ಎದುರೇ, ಮೈಕಿನಲ್ಲೇ. ಯಾರೂ ಎದ್ದು ಹೋಗಿಲ್ಲ. ಎಷ್ಟೋ ಜನ ಕಣ್ಣೊರೆಸಿಕೊಂಡಿದ್ದಾರೆ. ಸಂಸ್ಕೃತದಲ್ಲಿ ಹೇಳಿದರೆ ಆಗುತ್ತದೆ, ನಮ್ಮ ಭಾಷೆಯಲ್ಲಿ ಹೇಳಿದರೆ ಆಗುವುದಿಲ್ಲ ಅಂದರೆ ಹೇಗೆ?

ಪಡುಬಿದ್ರಿ ಅಲೆ

ಅದು ಪುರಾಣ, ಅದರ ಗೌರವವೇ ಬೇರೆ. ನೀವು ಹೇಳಿದ್ದರಲ್ಲಿ ಸತ್ಯ ಇಲ್ಲ ಅನ್ನುವುದಿಲ್ಲ. ಆದರೂ ಮೊದಲ ಸಲಕ್ಕೇ ಎಲ್ಲರೆದುರು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಪುವಿನವಳು

ಹೆಂಗಸರಿಗೇ ಬೇರೆ ಆಡಿದರೆ, ಸಹಿ ಕೇಳುವವರಿಗೆ ಮತ್ತು ಸಹಿ ಹಾಕುವವರಿಗೆ ಯಾರು ಹೇಳುವುದು? ನಮಗೆ ಮುಟ್ಟು ಅಂದರೆ ಏನು ಅಂತ ಗೊತ್ತುಂಟು. ತಿಂಗಳು ತಿಂಗಳು ಆಗುತ್ತದೆ.

ಕೊಕ್ಕಡ ತೋಟ

ನಮ್ಮಲ್ಲಿ ಕೆಡ್ಡಸ ಇಲ್ವಾ? ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ಮೂರು ದಿನ ನೆಲ ಅಗೆಯುವುದಿಲ್ಲ, ಗಿಡ ಕಡಿಯುವುದಿಲ್ಲ. ಕೊನೆಯ ದಿನ ತುಳಸಿ ಕಟ್ಟೆಯ ಹತ್ತಿರ ಎಣ್ಣೆ, ಅರಿಶಿನ, ಸೀಗೆ ಇಟ್ಟು ಅವಳಿಗೆ ಸ್ನಾನ. ನನ್ನೆರಿ ಎಂಬ ಸಿಹಿ ತಿಂಡಿ ಮಾಡಿ ಹಂಚುತ್ತೇವೆ. ಮುಟ್ಟನ್ನು ಹಬ್ಬ ಮಾಡಿದ ಊರು ನಮ್ಮದು. ನಾಟಕವನ್ನು ಇಲ್ಲಿಂದ ಶುರು ಮಾಡಿ, ಯಾರೂ ಬೇಡ ಅನ್ನಲಾರರು.

ಅಡಿಕೆ ಅಂಗಳ

ಕೆಡ್ಡಸ ನನಗೂ ಇಷ್ಟ. ಆದರೆ ಪೂರ್ತಿ ಹೇಳಬೇಕು. ಭೂಮಿಗೆ ಮೂರು ದಿನ ರಜೆ. ನಾನು ಮದುವೆಯಾಗಿ ಹೋದ ಮನೆಯಲ್ಲಿ ನನಗೆ ಮೂರು ದಿನ ಹೊರಗಿನ ಚಾವಡಿ. ಒಳಗೆ ಬರಬೇಡ ಎಂದರು, ಬಾವಿ ಮುಟ್ಟಬೇಡ ಎಂದರು. ತೋಟಕ್ಕೆ ಹೋಗಿ ಅಡಿಕೆ ಹೆಕ್ಕಬೇಡ ಎಂದು ಮಾತ್ರ ಯಾರೂ ಹೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ ಹೆಕ್ಕಿದ್ದೇನೆ. ಭೂಮಿಗೆ ಕೊಟ್ಟ ವಿಶ್ರಾಂತಿಯನ್ನು ಸೊಸೆಗೂ ಕೊಡಿ ಅನ್ನುವುದನ್ನು ನಾಟಕದಲ್ಲಿ ಹೇಳಿದರೆ ನಾನು ಮೊದಲ ಸಾಲಿನಲ್ಲಿ ಬಂದು ಕೂರುತ್ತೇನೆ.

ಕೊಕ್ಕಡ ತೋಟ

ಒಪ್ಪಿದೆ ಅಕ್ಕ. ಇದು ನನಗೆ ಹೊಳೆದಿರಲಿಲ್ಲ.

ನೇತ್ರಾವತಿ ದಡ

ಚಿಕ್ಕವರಿದ್ದಾಗ "ಅಮ್ಮನಿಗೆ ಕಾಗೆ ಮುಟ್ಟಿದೆ" ಅನ್ನುತ್ತಿದ್ದರು. ನಾನು ಎಷ್ಟೋ ದಿನ ಕಾಗೆ ಕಂಡರೆ ಕಲ್ಲು ಹೊಡೆಯುತ್ತಿದ್ದೆ, ಅಮ್ಮನನ್ನು ಹೊರಗೆ ಕೂರಿಸಿತಲ್ಲ ಎಂದು. ನಾಟಕಕ್ಕೆ ಒಂದು ಕಾಗೆ ಪಾತ್ರ ಹಾಕಿ. ತಾನು ಯಾರನ್ನೂ ಮುಟ್ಟಲಿಲ್ಲ ಎಂದು ಅದೇ ಬಂದು ಹೇಳಲಿ.

ರಂಗದಂಗಳ

ಕಾಗೆ ಖಂಡಿತ ಬರುತ್ತದೆ. ಡಾಕ್ಟರ್ ಬದಲು ಕಾಗೆಯನ್ನೇ ಸೂತ್ರಧಾರ ಮಾಡಿದರೆ? ಮನೆ ಮನೆಯ ಮಾಡಿನ ಮೇಲೆ ಕೂರುವ ಪಕ್ಷಿ, ಒಳಗೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತು.

ಆದರೆ ಕಬ್ಬಿಣದ ಮಾತ್ರೆಯ ವಿಷಯ ಬಿಡಲಾಗದು ಮಾರಾಯ್ರೆ. ಬೀಡಿ ಕಟ್ಟುವ ಎಷ್ಟೋ ಜನರ ಕಣ್ಣು ಬಿಳಿಚಿಕೊಂಡಿತ್ತು.

ಪ್ರಸೂತಿ ವಾರ್ಡ್

ಬಿಡಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತ ಕಡಿಮೆ. ಕರ್ನಾಟಕದಲ್ಲಿ ಶೇ. 47.8. ಅಂದರೆ ನಿಮ್ಮ ಮುಂದೆ ಕೂತ ನಲವತ್ತು ಜನರಲ್ಲಿ ಹೆಚ್ಚುಕಡಿಮೆ ಅರ್ಧ.

ಆದರೆ ಭಾಷಣ ಬೇಡ, ಮಾಡಿ ತೋರಿಸಿ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು ಬಸುರಿ ಕೈಯಲ್ಲಿ ಹಿಡಿದಿದ್ದಾಳೆ. ಅತ್ತೆ "ತಿಂದರೆ ಮಗು ಕಪ್ಪಾಗ್ತದೆ" ಅನ್ನುತ್ತಾಳೆ. ಮಾತ್ರೆ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ದಿನಾ ಅದೇ. ಒಂದು ದಿನ ಮಳೆ ಬಂದು ಮಣ್ಣು ಸರಿದಾಗ ಅಲ್ಲಿ ಒಂದು ರಾಶಿ. ಕಪ್ಪಾಗುವುದು ಮಗು ಅಲ್ಲ, ಮಲ. ಅದು ಮಾತ್ರೆಯಿಂದ ಆಗುವುದೇ, ಹೆದರುವಂಥದ್ದೇನೂ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳು ಹೆದರಿ ನಿಲ್ಲಿಸುತ್ತಾಳೆ. ಚಹಾದ ಜೊತೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿಂಬೆ ಶರಬತ್ತು ಒಳ್ಳೆಯದು. ಬಸುರಿಯಲ್ಲಿ ದಿನಕ್ಕೊಂದರಂತೆ ಕನಿಷ್ಠ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಬಸುರಿಗೆ ರಕ್ತಹೀನತೆ, ಬಸುರಿ ಅಲ್ಲದವರಿಗೆ 12ಕ್ಕಿಂತ ಕೆಳಗೆ. ಶಾಲೆ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದೂ ಇದೇ.

ಸ್ಟೇಟ್‌ಬ್ಯಾಂಕ್ ಟು ಮೂಡಬಿದ್ರೆ

ನಾನು ಬಸ್ ಕಂಡಕ್ಟರ್. ಇಲ್ಲಿ ಗಂಡಸರು ಕಡಿಮೆ ಮಾತಾಡುತ್ತಿದ್ದಾರೆ, ಅದಕ್ಕೆ ಬರೆಯುತ್ತೇನೆ. ಆಪರೇಷನ್ ನಾನು ಮಾಡಿಸಿಕೊಂಡವನು. 2012ರಲ್ಲಿ. ಹೆಂಡತಿಗೆ ಎರಡೂ ಸಿಸೇರಿಯನ್. ಎರಡನೆಯದರಲ್ಲಿ ರಕ್ತ ತುಂಬಾ ಹೋಗಿ ನಾಲ್ಕು ದಿನ ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಮೂರನೇ ಸಲ ಅವಳ ಹೊಟ್ಟೆಗೆ ಕತ್ತಿ ಬೇಡ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಹೊಲಿಗೆ ಇಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕನೇ ದಿನ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟಿದ್ದೇನೆ. ಶಕ್ತಿ ಹೋಗಲಿಲ್ಲ, ಗಂಡಸುತನವೂ ಹೋಗಲಿಲ್ಲ. ಒಂದೇ ವಿಷಯ ಜಾಗ್ರತೆ. ಕೂಡಲೇ ಪರಿಣಾಮ ಇರುವುದಿಲ್ಲ. ಮೂರು ತಿಂಗಳು ಬೇರೆ ವಿಧಾನ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಬಿಟ್ಟರೆ ಹೆಂಡತಿ ಬಸುರಾಗುತ್ತಾಳೆ, ಆಮೇಲೆ ಅವಳ ಮೇಲೆ ಸಂಶಯ. ಅಂಥ ಮನೆ ಒಂದು ನನಗೆ ಗೊತ್ತುಂಟು.

ಮೂರು ಮಕ್ಕಳ ತಾಯಿ

ನಿಮ್ಮ ಹೆಂಡತಿ ಪುಣ್ಯವಂತೆ ಅನ್ನಬೇಕು ಅಂತ ಅನಿಸಿತು. ಆಮೇಲೆ, ಇದು ಪುಣ್ಯ ಯಾಕೆ ಆಗಬೇಕು ಅಂತಲೂ ಅನಿಸಿತು.

ಹಳೆ ಬಂದರು

ಅದೇ ಸಮೀಕ್ಷೆ ತೆಗೆದು ನೋಡಿದೆ. ಸಂಸಾರಸ್ಥರಲ್ಲಿ ಹೆಣ್ಣಿನ ಆಪರೇಷನ್ ದೇಶದಲ್ಲಿ ಶೇ. 37.9. ಗಂಡಿನದು ಶೇ. 0.3. ಕರ್ನಾಟಕದಲ್ಲಿ ಹೆಣ್ಣಿನದು ಶೇ. 57.4, ಗಂಡಿನದು ಸೊನ್ನೆ ಎಂದೇ ಹಾಕಿದ್ದಾರೆ. ಬೀಡಿ ಕಟ್ಟುವ ಕೈ ಯಾಕೆ ನಿಂತಿತು ಅಂತ ಈಗ ಅರ್ಥವಾಯಿತು.

ಕಲಬುರಗಿ ಬಿಸಿಲು

ಮಂಗಳೂರಿಗೆ ಮದುವೆಯಾಗಿ ಬಂದವಳು ನಾನು. ನಮ್ಮ ಕಡೆಯ ಒಂದು ಮಾತು ಸೇರಿಸಿ. 2015ರ ಸುಮಾರಿಗೆ ಕಲಬುರಗಿಯ ತಾಂಡಾಗಳ ಹೆಂಗಸರು ಬೀದಿಗೆ ಬಂದರು. ಹೊಟ್ಟೆ ನೋವು, ಬಿಳಿ ಸೆರಗು ಎಂದು ಹೋದವರಿಗೆ ಗರ್ಭಕೋಶವನ್ನೇ ತೆಗೆದಿದ್ದರು. "ಕ್ಯಾನ್ಸರ್ ಆಗ್ತದೆ" ಎಂದು ಹೆದರಿಸಿ. ಮೂವತ್ತು ವರ್ಷ ತುಂಬದವರಿಗೂ. ಬೇಡದ ಗರ್ಭಕೋಶ ಆಪರೇಷನ್ ತಡೆಯಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ಹೇಳಿತು. ಹಕ್ಕು ಅಂದರೆ ಮಾಡಿಸಿಕೊಳ್ಳುವ ಹಕ್ಕು ಒಂದೇ ಅಲ್ಲರೀ. ಬೇಡ ಅನ್ನುವ ಹಕ್ಕು, ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಳ್ಳುವ ಹಕ್ಕು. ನಮ್ಮ ಚಿಕ್ಕಮ್ಮನಿಗೆ ಯಾರಾದರೂ ಇದನ್ನು ಹೇಳಿದ್ದರೆ!

ಹಿರಿಯ ಕಲಾವಿದ

ನನಗೆ ಈಗ ಎಪ್ಪತ್ತರ ಹತ್ತಿರ. 1990ರ ಸುಮಾರಿಗೆ ಸಾಕ್ಷರತಾ ಆಂದೋಲನದ ಕಲಾಜಾಥಾದಲ್ಲಿ ಊರೂರು ತಿರುಗಿದವನು. ಆಗ ಉಡುಪಿ, ಮಂಗಳೂರು ಒಂದೇ ಜಿಲ್ಲೆ, ಬೇರೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು 1979ರಲ್ಲಿ ಸಮುದಾಯ ಎಂಬ ರಂಗ ಸಂಘಟನೆಯವರ ಜಾಥಾ. ಬೀದಿ ನಾಟಕ ಅಂದರೆ ಏನು ಎಂದು ಕರ್ನಾಟಕಕ್ಕೆ ಗೊತ್ತಾದದ್ದು ಹಾಗೆ.

ನಾವು ಕಲಿತದ್ದು ಒಂದು ಮಾತು. ನಾಟಕದಲ್ಲೇ ಉತ್ತರ ಕೊಟ್ಟುಬಿಟ್ಟರೆ ಜನ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ಬ್ರೆಜಿಲ್‌ನ ಅಗಸ್ಟೋ ಬೋಲ್ ಎಂಬವರು ಬೇರೆ ದಾರಿ ಮಾಡಿದರು. ಜಗಳದ ತುದಿಯಲ್ಲಿ ನಾಟಕ ನಿಲ್ಲಿಸುವುದು. ನೋಡುವವರನ್ನು ಕರೆದು, ಈ ಸೊಸೆಯ ಜಾಗದಲ್ಲಿ ನೀವು ನಿಂತು ಮಾತಾಡಿ ಅನ್ನುವುದು. ಬಂಗಾಳದಲ್ಲಿ ಜನಸಂಸ್ಕೃತಿ ತಂಡ 1985ರಿಂದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದೆ, ಅವರ ದಾರಿಯೂ ಇದೇ. ನಿಮ್ಮ "ಅವಳೇ, ಮತ್ತೆ ಯಾರು?" ಅನ್ನುವಲ್ಲಿ ನಾಟಕ ನಿಲ್ಲಿಸಿ. ಅಲ್ಲಿಂದ ಮುಂದಕ್ಕೆ ಅಂಗಳ ಮಾತಾಡಲಿ.

ಕಾಪುವಿನವಳು

ಗೌರವದಿಂದಲೇ ಹೇಳುತ್ತೇನೆ, ಇದು ಅಪಾಯ. ಊರವರ ಮುಂದೆ ಎದ್ದು ನಿಂತು ಮಾತಾಡಿದವಳು ರಾತ್ರಿ ಅದೇ ಮನೆಗೆ ಹೋಗಬೇಕು. "ಏನು, ಅಲ್ಲಿ ಬಾರೀ ಮಾತಾಡಿದೆಯಂತೆ" ಎಂದು ಶುರುವಾಗುತ್ತದೆ. ನಿಮ್ಮ ತಂಡ ಅಷ್ಟೊತ್ತಿಗೆ ಬಸ್ ಹತ್ತಿರುತ್ತದೆ.

ಹಿರಿಯ ಕಲಾವಿದ

ನೀವು ಹೇಳುವುದು ಸರಿ. ಒಬ್ಬಳು ತಾಯಿ ಹಾಗೆ ಎದ್ದು ಮಾತಾಡಿದ ಮೇಲೆ ಮರುದಿನ ಅವಳ ಮನೆಯಲ್ಲಿ ಏನಾಯಿತು ಎಂದು ನಾನು ಆಗ ವಿಚಾರಿಸಲೇ ಇಲ್ಲ. ಈಗಲೂ ಅದು ಮನಸ್ಸಿನಲ್ಲಿ ಉಂಟು. ಹಾಗಾದರೆ ಅತ್ತೆಯ ಜಾಗಕ್ಕೆ, ಗಂಡನ ಜಾಗಕ್ಕೆ ಕರೆಯಿರಿ. ಸೊಸೆಯ ಜಾಗಕ್ಕೆ ಬೇಡ.

ರಂಗದಂಗಳ

ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿ ಅಂದರೆ?

ಅಡಿಕೆ ಅಂಗಳ

ಊರಿನಲ್ಲಿ ಅಕ್ಷರ ಗುರುತು ಸಿಗುತ್ತದೆ. ಸಂಘದ ಪುಸ್ತಕದಲ್ಲಿ ಎಲ್ಲರ ಕೈಬರಹ ಇರುತ್ತದಲ್ಲ.

ಚೆನ್ನೆಮಣೆ

ಹುಣಸೆ ಬೀಜ ಕೊಡಿ. ಬಟ್ಟೆ ಮುಚ್ಚಿದ ಎರಡು ಮಡಕೆ ಇಡಿ. "ನಿಮ್ಮ ಮೈಯ ಬಗ್ಗೆ ನಿಮ್ಮನ್ನು ಕೇಳದೆ ಯಾರಾದರೂ ತೀರ್ಮಾನ ಮಾಡಿದ್ದುಂಟಾ?" ಉಂಟು ಅಂದರೆ ಒಂದಕ್ಕೆ, ಇಲ್ಲ ಅಂದರೆ ಇನ್ನೊಂದಕ್ಕೆ. ಎರಡಕ್ಕೂ ಕೈ ಹಾಕಬೇಕು, ಬೀಜ ಒಂದರಲ್ಲಿ ಮಾತ್ರ ಬಿಡಬೇಕು. ಯಾರು ಯಾವುದಕ್ಕೆ ಹಾಕಿದರು ಅಂತ ಗೊತ್ತಾಗುವುದಿಲ್ಲ. ಕೊನೆಗೆ ಬಟ್ಟೆ ತೆಗೆದು ಎಲ್ಲರಿಗೂ ತೋರಿಸಿ.

ವಕೀಲೆ ಉಡುಪಿ

ಇದು ಬಹಳ ಚೆನ್ನಾಗಿದೆ!

ನೇತ್ರಾವತಿ ದಡ

ನಡುವೆ ಒಂದು ಬೇರೆ ಪ್ರಶ್ನೆ. ನಮ್ಮ ದಕ್ಷಿಣ ಕನ್ನಡದಲ್ಲೂ ಚಾಮರಾಜನಗರದಲ್ಲೂ ಮೊದಲು ಪ್ರಯೋಗಕ್ಕೆ ಎಂದು ಹುಡುಗಿಯರಿಗೆ ಮುಟ್ಟಿನ ಕಪ್ (ಒಳಗೆ ಇಟ್ಟುಕೊಳ್ಳುವ ಪುಟ್ಟ ಬಟ್ಟಲು) ಕೊಟ್ಟರಲ್ಲ, ಯಾರಾದರೂ ಬಳಸಿದ್ದೀರಾ? ಮಗಳು ಬೇಕು ಅನ್ನುತ್ತಾಳೆ. ನನ್ನ ಅಮ್ಮ "ಕನ್ಯತ್ವ ಹೋಗ್ತದೆ" ಎಂದು ಹಠ ಹಿಡಿದಿದ್ದಾರೆ.

ಪ್ರಸೂತಿ ವಾರ್ಡ್

ಕನ್ಯತ್ವ ಯೋನಿಯ ಬಾಯಿಯ ಪೊರೆಯಲ್ಲಿ ಇರುವುದಲ್ಲ. ಓಡಿದರೆ, ಸೈಕಲ್ ಹೊಡೆದರೆ ಕೂಡ ಆ ಪೊರೆ ಹಿಗ್ಗಬಹುದು. ಮಗಳಿಗೆ ಇಷ್ಟ ಇದ್ದರೆ ಬಳಸಲಿ. ಪ್ರತಿ ತಿಂಗಳು ಕುದಿಯುವ ನೀರಿನಲ್ಲಿ ಕುದಿಸಿ, ಕೈ ತೊಳೆದು ಹಾಕಬೇಕು. ಮೊದಲೆರಡು ತಿಂಗಳು ಕಿರಿಕಿರಿ ಆಗಬಹುದು, ಅಭ್ಯಾಸ ಆಗುತ್ತದೆ. ಬಟ್ಟೆಯೇ ಇಷ್ಟ ಅಂದರೆ ಅದೂ ತಪ್ಪಲ್ಲ. ಆದರೆ ಬಿಸಿಲಿಗೆ ಒಣಗಿಸಬೇಕು. ಮಳೆಗಾಲದಲ್ಲಿ ನಮ್ಮೂರಲ್ಲಿ ಸೀರೆಯ ಅಡಿಯಲ್ಲಿ ಅಡಗಿಸಿ ಒಣಗಿಸಿ, ಅರೆ ಹಸಿಯನ್ನೇ ಮತ್ತೆ ಇಟ್ಟುಕೊಳ್ಳುತ್ತಾರೆ. ತುರಿಕೆ, ಸೋಂಕು ಎಲ್ಲ ಅಲ್ಲಿಂದ.

ಬೋಳಾರದ ಬ್ಯಾರ್ದಿ

ನಾಟಕ ಯಾವ ಭಾಷೆಯಲ್ಲಿ? ತುಳುವಿನಲ್ಲಿ ಆಡಿದರೆ ಬಜ್ಪೆಯಲ್ಲಿ ಚೆನ್ನಾಗಿ ಹೋಗುತ್ತದೆ. ನಮ್ಮಲ್ಲಿಗೆ ಬಂದರೆ ಬ್ಯಾರಿ ಬೇಕು. ನನ್ನ ಉಮ್ಮನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಇಂಥ ವಿಷಯ ಮನೆ ಭಾಷೆಯಲ್ಲಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಸಂಭಾಷಣೆ ಬ್ಯಾರಿಗೆ ತಿರುಗಿ ಬರೆಯಲು ನಾನು ಬರುತ್ತೇನೆ. ಕೊಂಕಣಿಗೆ ಯಾರಾದರೂ ಇದ್ದೀರಾ?

ಮೂರು ಮಕ್ಕಳ ತಾಯಿ

ಹೆರಿಗೆ ಕೋಣೆಯ ದೃಶ್ಯ ಹಾಕಿ. ದಯವಿಟ್ಟು. ನನ್ನ ಮೊದಲ ಹೆರಿಗೆಯಲ್ಲಿ ನೋವಿಗೆ ಕಿರುಚಿದೆ. "ಆಗ ಗೊತ್ತಿರಲಿಲ್ವಾ?" ಎಂದರು ಒಬ್ಬರು. ಹದಿನೇಳು ವರ್ಷ ಆಯಿತು, ಆ ಧ್ವನಿ ಕಿವಿಯಿಂದ ಹೋಗಿಲ್ಲ.

ಪ್ರಸೂತಿ ವಾರ್ಡ್

ಆ ಮಾತು ನಾನೂ ಕೇಳಿದ್ದೇನೆ. ಪಕ್ಕದಲ್ಲಿ ನಿಂತು ಸುಮ್ನೆ ಇದ್ದದ್ದೂ ಉಂಟು. ಕ್ಷಮೆ ಇರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು 2016ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಅಮ್ಮನೋ ಅಕ್ಕನೋ ಪಕ್ಕದಲ್ಲಿದ್ದರೆ ಆ ಮಾತು ಯಾರ ಬಾಯಿಯಿಂದಲೂ ಬರುವುದಿಲ್ಲ. ಇದನ್ನು ನಾಟಕದಲ್ಲಿ ಹೇಳಿ, ಕೇಳಿ ಪಡೆಯಲಿ.

ರಂಗದಂಗಳ

ಹದಿನೈದು ದಿನ ಆಯಿತು, ಸುದ್ದಿ ಹೇಳಬೇಕು. ಅದೇ ಅಂಗನವಾಡಿ ಅಂಗಳದಲ್ಲಿ ಮತ್ತೆ ಆಡಿದೆವು, ಈ ಸಲ ತುಳುವಿನಲ್ಲಿ. ಡಾಕ್ಟರ್ ಇಲ್ಲ, ಕಾಗೆ ಉಂಟು. ಕಾಗೆ ನಾನೇ, ಕಪ್ಪು ಕೊಡೆ ಬಿಚ್ಚಿ ರೆಕ್ಕೆ ಮಾಡಿಕೊಂಡೆ. ಪ್ರಸೂತಿ ವಾರ್ಡ್ ಅಕ್ಕ ರಜೆ ಹಾಕಿ ಬಂದರು. ಕಂಡಕ್ಟರ್ ಅಣ್ಣನೂ ಬಂದರು. ಅವರನ್ನು ಒತ್ತಾಯ ಮಾಡಿ ನಾವೇ ಕರೆಸಿದ್ದು.

"ಅವಳೇ, ಮತ್ತೆ ಯಾರು?" ಅನ್ನುವಲ್ಲಿ ನಿಲ್ಲಿಸಿದೆವು. ಈ ಗಂಡನ ಜಾಗಕ್ಕೆ ಯಾರು ಬರುತ್ತೀರಿ ಎಂದು ಕಾಗೆ ಕೇಳಿತು. ಕಂಡಕ್ಟರ್ ಅಣ್ಣ ಎದ್ದು ಬಂದು, ಮೊಬೈಲ್ ಪಕ್ಕಕ್ಕಿಟ್ಟು, "ನಾನು ಮಾಡಿಸಿಕೊಳ್ತೇನೆ" ಎಂದರು. ಆಮೇಲೆ ನಾಟಕ ಬಿಟ್ಟು ತಮ್ಮದೇ ಕಥೆ ಹೇಳಿದರು. ಗೇಟಿನ ಹತ್ತಿರ ಬೈಕಿನಲ್ಲಿ ಕೂತಿದ್ದ ಮೂವರು ಗಂಡಸರಲ್ಲಿ ಒಬ್ಬರು, "ನೋವಾಗ್ತದಾ?" ಎಂದು ಕೇಳಿದರು. ನಗಲಿಲ್ಲ ಯಾರೂ. ಅತ್ತೆಯ ಜಾಗಕ್ಕೆ ಒಬ್ಬರು ಅಜ್ಜಿ ತಾವಾಗಿಯೇ ಬಂದರು. ಬಸಳೆ ಬುಡಕ್ಕೆ ಹೋಗಬೇಕಿದ್ದ ಮಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು, "ತಿನ್ನು, ನನಗೆ ಯಾರೂ ಕೊಟ್ಟಿರಲಿಲ್ಲ" ಎಂದರು. ಅದು ನಮ್ಮ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ.

ಕೊನೆಗೆ ಮಡಕೆಗಳ ಬಟ್ಟೆ ತೆಗೆದೆವು. "ಉಂಟು" ಅನ್ನುವುದು ತುಂಬಿತ್ತು. ಇನ್ನೊಂದರ ತಳದಲ್ಲಿ ನಾಲ್ಕೈದು ಬೀಜ. ಎಲ್ಲರೂ ಬಗ್ಗಿ ನೋಡಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಪಡುಬಿದ್ರಿ ಅಲೆ

ನಮ್ಮ ಮಂಡಲಕ್ಕೆ ಬನ್ನಿ. ವಾರ್ಷಿಕೋತ್ಸವಕ್ಕೆ ಬೇಡ, ಅದರ ಹಿಂದಿನ ಭಾನುವಾರ. ಗಂಡಸರನ್ನೂ ಕರೆಯುತ್ತೇನೆ. ಎಷ್ಟು ಜನ ಬರುತ್ತಾರೆ ಅಂತ ಹೇಳಲಾರೆ.

ಕಾಪುವಿನವಳು

ಕೊಡ ಹಿಡಿದು ಬಂದವರು ಬಂದಿದ್ದರಾ?

ರಂಗದಂಗಳ

ಬಂದಿದ್ದರು. ಈ ಸಲ ತಡ್ಪೆ ತಂದಿರಲಿಲ್ಲ. ಗಂಡನ ಸಹಿ ಬೇಡ ಎಂದು ಕಾಗೆ ಮೂರು ಸಲ ಹೇಳಿತು, ಅವರ ಕಡೆ ನೋಡದೆಯೇ. ಆಮೇಲೆ ಅವರು ಅಂಗನವಾಡಿಯ ಹಿಂದೆ ನರ್ಸ್ ಅಕ್ಕನ ಜೊತೆ ಹತ್ತು ನಿಮಿಷ ಮಾತಾಡಿದರು. ಏನೆಂದು ನಾನು ಕೇಳಲಿಲ್ಲ.

ಪ್ರಸೂತಿ ವಾರ್ಡ್

ಕೇಳಿದರೂ ಹೇಳುವುದಿಲ್ಲ. ಪಡುಬಿದ್ರಿಗೆ ನಾನೂ ಬರುತ್ತೇನೆ. ಮಾತ್ರೆ ದೃಶ್ಯಕ್ಕೆ ಬಿಳಿ ಪೆಪ್ಪರಮಿಂಟ್ ತಂದಿದ್ದಿರಿ, ಅದು ಬೇಡ. ಕೆಂಪು ಬಣ್ಣದ್ದೇ ತನ್ನಿ, ಮನೆಯಲ್ಲಿರುವುದು ಯಾವುದು ಎಂದು ಗುರುತು ಸಿಗಬೇಕು.